ಮೈಸೂರಿನ ಯೆಜ್ಡಿ, ಚೆನ್ನೈನ ಗಾಳಿ: ಕಾರ್ಬೊರೇಟರ್‌ಗೆ ಜೆಟ್ ನಂಬರ್ ಆರಿಸೋದು ಹೇಗೆ?

ಹೋದ ವಾರದ ವಿಡಿಯೋದಲ್ಲಿ ನಾನು ಮಾತಾಡಿದ್ದರ ಬರಹ ರೂಪ ಇದು. ಮಾತಾಡುವಾಗ ನಂಬರ್‌ಗಳು ಬೇಗ ಬೇಗ ಹೋಗಿಬಿಟ್ಟವು, ಅರ್ಧ ಎಂಜಿನ್ ಶಬ್ದದಲ್ಲೇ ಮುಳುಗಿಹೋದವು. ಇಲ್ಲಿ ನಿಧಾನವಾಗಿ ಹೇಳ್ತೀನಿ. ಊರಲ್ಲಿ ಅಪ್ಪನದ್ದೋ ಮಾವನದ್ದೋ ಹಳೇ ಗಾಡಿ ಇದೆ, ಕೆಲಸ ಮಾಡೋ ಊರಿಗೆ ತಂದು ರೆಡಿ ಮಾಡಿಸ್ಬೇಕು ಅನ್ನೋರಿಗೆ ಇದು ಹೆಚ್ಚು ಉಪಯೋಗ ಆಗುತ್ತೆ.

ಕಥೆ ಶುರುವಾಗೋದು ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಓಎಂಆರ್‌ನಲ್ಲಿ. ಕೇಳಂಬಾಕ್ಕಂ ದಾಟಿ ತಿರುಪ್ಪೋರೂರು ಕಡೆ ಹೋಗ್ತಿದ್ದೆ. ಅಪ್ಪನ ಯೆಜ್ಡಿ ರೋಡ್‌ಕಿಂಗ್. ರಸ್ತೆ ಖಾಲಿ. ಎಪ್ಪತ್ತು ದಾಟಿದ ಮೇಲೆ ಎಂಜಿನ್ ಯಾಕೋ ತುಂಬಾ ಹಗುರವಾಗಿ ಓಡ್ತಿದೆ ಅನ್ನಿಸ್ತು. ಖುಷಿಪಟ್ಟೆ ಕೂಡ! ಅಷ್ಟರಲ್ಲಿ ಕೀರಲು ಸದ್ದು, ಹಿಂದಿನ ಚಕ್ರ ಲಾಕ್. ಕೈ ತಾನಾಗೇ ಕ್ಲಚ್ ಹಿಡೀತು, ಗಾಡಿ ಜಾರಿ ಜಾರಿ ಪಕ್ಕಕ್ಕೆ ಬಂದು ನಿಂತುಕೊಳ್ತು. ಹಿಂದೆ ಒಂದು ಲಾರಿ ಇದ್ದಿದ್ರೆ ಈ ಚಾನೆಲ್‌ಗೆ ಬೇರೆ ಯಾರಾದ್ರೂ ಬೇಕಾಗ್ತಿತ್ತು.

ಎಂಜಿನ್ ಬಿಚ್ಚಿದಾಗ ಪಿಸ್ಟನ್‌ನ ಸೈಲೆನ್ಸರ್ ಕಡೆಯ ಮುಖದ ಮೇಲೆ ಉದ್ದುದ್ದ ಗೀರು. ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿತ್ತು. ಈ ಸಿಲಿಂಡರ್‌ನ ಮೂಲ ಅಳತೆ 65 ಎಂಎಂ. ಅಪ್ಪನ ಕಾಲದಲ್ಲೇ ಎರಡು ಸಲ ಬೋರ್ ಆಗಿತ್ತು, ಈಗ ಮೂರನೇದು. ಲೇತ್‌ನ ಅಣ್ಣ ಅಳತೆ ನೋಡಿ, "ಇದೇ ಕಡೈಸಿ, ಸಾರ್" ಅಂದ್ರು. ಕೊನೇದು. ಇನ್ನೊಂದು ಸಲ ಜಾಮ್ ಆದ್ರೆ ಕೊರೆಯೋಕೆ ಲೋಹ ಇಲ್ಲ, ಹೊಸ ಸ್ಲೀವ್ ಹಾಕಿಸ್ಬೇಕು.

ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ಸಣ್ಣ ಹಿತ್ತಾಳೆ ಚೂರು. ಕಾರ್ಬೊರೇಟರ್ ಸರ್ವಿಸ್‌ಗೆ ಕೊಟ್ಟಿದ್ದ ಅಂಗಡಿಯಲ್ಲಿ ಹಳೇ ಮೇನ್ ಜೆಟ್ ತೆಗೆದು ರಿಪೇರಿ ಕಿಟ್‌ನಲ್ಲಿ ಬಂದಿದ್ದನ್ನ ಹಾಕಿದ್ರು. ಹಳೇದರ ಮೇಲೆ 110 ಅಂತಿತ್ತು, ಹೊಸದರ ಮೇಲೆ 100. "ಮೈಲೇಜ್ ಬರುತ್ತೆ ಸಾರ್" ಅಂದಿದ್ರು. ನಾನೂ ತಲೆ ಆಡಿಸಿ ಬಂದಿದ್ದೆ. ಆಫೀಸಲ್ಲಿ ಯಾರಾದ್ರೂ ಪ್ರೊಡಕ್ಷನ್‌ನಲ್ಲಿ ಒಂದು ನಂಬರ್ ಬದಲಾಯಿಸಿದ್ರೆ ಹತ್ತು ಪ್ರಶ್ನೆ ಕೇಳೋ ನಾನು, ಇಲ್ಲಿ ಒಂದೂ ಕೇಳ್ಲಿಲ್ಲ.

ಟೂ ಸ್ಟ್ರೋಕ್ ಗಾಡಿಯಲ್ಲಿ ಇದು ಯಾಕಷ್ಟು ದೊಡ್ಡ ವಿಷಯ ಅಂದ್ರೆ, ಪೆಟ್ರೋಲ್ ಜೊತೆಗೇ ಆಯಿಲ್ ಬರೋದು. ಫೋರ್ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಡಿಮೆ ಆದ್ರೆ ಎಂಜಿನ್ ಬಿಸಿಯಾಗುತ್ತೆ, ಆದ್ರೆ ಆಯಿಲ್ ಅದರ ಪಾಡಿಗೆ ಕೆಳಗಡೆ ಇರುತ್ತೆ. ಯೆಜ್ಡಿಯಲ್ಲಿ ಹಾಗಲ್ಲ. ಜೆಟ್ ಸಣ್ಣದಾದ್ರೆ ಪೆಟ್ರೋಲ್ ಕಡಿಮೆ, ಅದರ ಜೊತೆ ಆಯಿಲೂ ಕಡಿಮೆ, ಅದೇ ಹೊತ್ತಿಗೆ ಶಾಖ ಜಾಸ್ತಿ. ಮೂರೂ ಒಟ್ಟಿಗೆ ಬರುತ್ತೆ. ಲೀನ್ ಅಂತ ಮೆಕ್ಯಾನಿಕ್‌ಗಳು ಹೇಳೋದು ಇದನ್ನೇ: ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಸಾಲದು. ಹೆಚ್ಚಾದ್ರೆ ರಿಚ್. ರಿಚ್ ಆದ್ರೆ ಹೊಗೆ, ಕಪ್ಪು ಪ್ಲಗ್, ಖರ್ಚು, ಅಷ್ಟೇ. ಲೀನ್ ಆದ್ರೆ ಪಿಸ್ಟನ್ ಹೋಗುತ್ತೆ. ಮತ್ತೆ ಲೀನ್ ಗಾಡಿ ಹೋಗೋಕೆ ಸ್ವಲ್ಪ ಮುಂಚೆ ಚೆನ್ನಾಗಿ ಓಡಿದ ಹಾಗೇ ಅನ್ನಿಸುತ್ತೆ, ಅದೇ ಮೋಸ.

ಹಾಗಾದ್ರೆ ಹಳೇ 110 ಜೆಟ್ ವಾಪಸ್ ಹಾಕಿದ್ರೆ ಸಾಕಾ? ನಾನೂ ಹಾಗೇ ಅಂದುಕೊಂಡಿದ್ದೆ. ಕೂತು ಲೆಕ್ಕ ಹಾಕಿದ ಮೇಲೆ ಸಾಲದು ಅಂತ ಗೊತ್ತಾಯ್ತು.

ಗಾಡಿಯ ಬಗ್ಗೆ ಎರಡು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಮಾಡ್ತಿತ್ತು, 1973ರಿಂದ ಯೆಜ್ಡಿ ಅನ್ನೋ ಹೆಸರು, 1978ರಲ್ಲಿ ರೋಡ್‌ಕಿಂಗ್, 1996ರಲ್ಲಿ ಬಾಗಿಲು ಮುಚ್ತು. ಇದೆಲ್ಲ ನಿಮಗೆ ಗೊತ್ತಿರೋದೇ. ಜಾವಾ ವಂಶದ ಗಾಡಿಗಳ ಮೂಲ ಕಾರ್ಬೊರೇಟರ್ ಜಿಕೋವ್ ಅನ್ನೋ ಚೆಕ್ ಹೆಸರಿನದ್ದು. ಅದು ಸವೆದು ಲೊಡಲೊಡ ಆದ ಮೇಲೆ ತುಂಬಾ ಜನ ಮಿಕುನಿ ಮಾದರಿಯ ಕಾರ್ಬೊರೇಟರ್ ಹಾಕಿಸ್ಕೊಂಡ್ರು. ನಮ್ಮದಕ್ಕೂ 2002ರಲ್ಲಿ ಮೈಸೂರಲ್ಲಿ ಹಾಗೇ ಆಗಿದೆ. ಇದರಿಂದ ಒಂದು ತೊಂದರೆ: ಕಂಪನಿ ಪುಸ್ತಕದಲ್ಲಿರೋ ಜೆಟ್ ನಂಬರ್ ಈ ಕಾರ್ಬೊರೇಟರ್‌ಗೆ ಸಂಬಂಧಾನೇ ಇಲ್ಲ. ನಿಮ್ಮ ಗಾಡಿಯಲ್ಲಿ ಮೂಲ ಕಾರ್ಬೊರೇಟರ್ ಇದ್ರೆ, ಆ ಮಾಡೆಲ್‌ನ ಮ್ಯಾನ್ಯುಯಲ್ ಹುಡುಕಿ ಅದರ ನಂಬರಿಂದ ಶುರು ಮಾಡಿ. ನಮಗೆ ಇದ್ದ ಒಂದೇ ಆಧಾರ, ಮೈಸೂರಿನ ಆ ಮೆಕ್ಯಾನಿಕ್ ಓಡಿಸಿ ನೋಡಿ ಆರಿಸಿದ್ದ 110.

ಜೆಟ್ ಮೇಲಿನ ನಂಬರ್ ಅಂದ್ರೆ ಏನು ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ. ಮಿಕುನಿಯ ಆರು ಮೂಲೆ ತಲೆಯ ಮೇನ್ ಜೆಟ್‌ನಲ್ಲಿ ಅದು ನಿಮಿಷಕ್ಕೆ ಎಷ್ಟು ಸಿಸಿ ಹರಿಯುತ್ತೆ ಅನ್ನೋ ಲೆಕ್ಕದ್ದು. ಡೆಲ್ಲಾರ್ಟೊದಂಥ ಕಂಪನಿಗಳಲ್ಲಿ ಅದು ತೂತಿನ ಅಗಲ, ಎಂಎಂನ ನೂರನೇ ಭಾಗದಲ್ಲಿ. ಎರಡೂ ಒಂದೇ ಅಲ್ಲ. ಹರಿವಿನ ನಂಬರ್ ಆದ್ರೆ 100ರಿಂದ 110 ಅಂದ್ರೆ ಪೆಟ್ರೋಲ್ 10% ಜಾಸ್ತಿ. ಅಗಲದ ನಂಬರ್ ಆದ್ರೆ 100ರಿಂದ 105ಕ್ಕೇ 10% ಜಾಸ್ತಿ ಆಗುತ್ತೆ, ಯಾಕಂದ್ರೆ ತೂತಿನ ವಿಸ್ತೀರ್ಣ ವರ್ಗದಲ್ಲಿ ಬೆಳೆಯುತ್ತೆ. ಫ್ರೆಂಡ್ ಗಾಡಿಯಲ್ಲಿ ಈ ನಂಬರ್ ಚೆನ್ನಾಗಿದೆ ಅಂತ ಬೇರೆ ಕಂಪನಿಯ ಜೆಟ್ ನಂಬರ್ ಕಾಪಿ ಮಾಡೋಕೆ ಹೋಗ್ಬೇಡಿ.

ಈಗ ಮೈಸೂರಿಂದ ಚೆನ್ನೈಗೆ ಬಂದಾಗ ಏನಾಗುತ್ತೆ ನೋಡೋಣ. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಚೆನ್ನೈ ಸಮುದ್ರದ ಮಟ್ಟ. ಗಾಳಿಯ ಒತ್ತಡ ಇಲ್ಲಿ ಸುಮಾರು 9% ಜಾಸ್ತಿ. ಹಾಗಂತ 9% ದೊಡ್ಡ ಜೆಟ್ ಬೇಕು ಅಂದುಕೊಳ್ಳೋದು ತಪ್ಪು. ಇಲ್ಲಿನ ಸೆಕೆಗೆ ಗಾಳಿ ಹಿಗ್ಗುತ್ತೆ, ಜೊತೆಗೆ ನಮಗೆಲ್ಲ ಚೆನ್ನಾಗಿ ಗೊತ್ತಿರೋ ಚೆನ್ನೈ ತೇವ, ಆ ನೀರಾವಿ ಆಮ್ಲಜನಕದ ಜಾಗವನ್ನ ತಿನ್ನುತ್ತೆ. ಇವೆರಡನ್ನೂ ಕಳೆದ್ರೆ ಉಳಿಯೋದು ಸುಮಾರು 6%. ಅದರಲ್ಲೂ ಅರ್ಧವನ್ನ ಕಾರ್ಬೊರೇಟರ್ ತಾನೇ ಸರಿಪಡಿಸಿಕೊಳ್ಳುತ್ತೆ, ದಟ್ಟವಾದ ಗಾಳಿ ಪೆಟ್ರೋಲನ್ನೂ ಸ್ವಲ್ಪ ಜೋರಾಗಿ ಎಳೆಯುತ್ತಲ್ಲ. ಕೊನೆಗೆ ಮಿಕ್ಸ್ಚರ್ ಲೀನ್ ಆಗೋದು ಬರೀ 3%. ಒಂದು ಸೈಜ್ ಜೆಟ್‌ನ ವ್ಯತ್ಯಾಸ. "ಬೆಟ್ಟದ ಮೇಲಿನ ಗಾಡಿ, ಇಲ್ಲಿ ಸೆಟ್ ಆಗಲ್ಲ" ಅಂತ ಎಲ್ಲರೂ ಹೇಳೋ ದೊಡ್ಡ ಸಮಸ್ಯೆ ಇಷ್ಟೇ!

ಅಸಲಿ ಸಮಸ್ಯೆ ಬಂಕ್‌ನಲ್ಲಿತ್ತು. 2002ರಲ್ಲಿ ಅಪ್ಪ ಹಾಕಿಸ್ತಿದ್ದ ಪೆಟ್ರೋಲ್ ಬೇರೆ, ಈಗ ನಾನು ಹಾಕಿಸೋದು ಬೇರೆ. ಎಥನಾಲ್ ಬೆರೆಸೋದು 2003ರಿಂದ ಶುರುವಾಗಿ, 2022ಕ್ಕೆ 10% ಮುಟ್ತು. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇ20 ಬಿಡುಗಡೆ ಆಯ್ತು, 2025ರ ಹೊತ್ತಿಗೆ ಮಾಮೂಲಿ ಪೆಟ್ರೋಲ್ ಅಂದ್ರೇ ಇ20. ಅದು ಒಳ್ಳೇದಾ ಕೆಟ್ಟದ್ದಾ ಅನ್ನೋ ಜಗಳ ಇಲ್ಲಿ ಬೇಡ. ಜೆಟ್ ಲೆಕ್ಕಕ್ಕೆ ಬೇಕಾಗಿರೋದು ಒಂದೇ. ಶುದ್ಧ ಪೆಟ್ರೋಲ್ ಒಂದು ಕೆಜಿ ಪೂರ್ತಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ 9 ಕೆಜಿ ಸಾಕು. ಅದರಲ್ಲೇ ಆಮ್ಲಜನಕ ಸ್ವಲ್ಪ ಇದೆ. ಇ20ಗೆ ಲೆಕ್ಕ ಹಾಕಿದ್ರೆ ಸುಮಾರು 13.5. ಅಂದ್ರೆ ಅದೇ ಜೆಟ್, ಅದೇ ಗಾಳಿ, ಆದ್ರೂ ಮಿಕ್ಸ್ಚರ್ 8% ಲೀನ್. ಹೊಸ ಗಾಡಿಗಳಲ್ಲಿ ಸೆನ್ಸರ್ ಇದೆ, ಕಂಪ್ಯೂಟರ್ ಇದೆ, ಅವು ಪೆಟ್ರೋಲ್ ಹೆಚ್ಚಿಸಿಕೊಳ್ತವೆ. ಕಾರ್ಬೊರೇಟರ್‌ಗೆ ಏನೂ ಗೊತ್ತಾಗಲ್ಲ. ಅದರ ಕಂಪ್ಯೂಟರ್ ನಾವೇ.

ಒಟ್ಟು ಸೇರಿಸಿ: ಊರಿಂದ 3%, ಪೆಟ್ರೋಲಿಂದ 8%, ಸುಮಾರು 11%. ಮೈಸೂರಿನ 110 ಈಗ ಚೆನ್ನೈನಲ್ಲಿ ಸುಮಾರು 122 ಆಗ್ಬೇಕು. ನನ್ನ ಗಾಡಿ ಓಡ್ತಿದ್ದದ್ದು 100ರಲ್ಲಿ. ಪಿಸ್ಟನ್ ಅಷ್ಟು ದಿನ ತಡೆದುಕೊಂಡಿದ್ದೇ ಹೆಚ್ಚು. ಗಮನಿಸಿ, ಗಾಡಿ ಮೈಸೂರಲ್ಲೇ ಇದ್ದಿದ್ರೂ ಈಗಿನ ಪೆಟ್ರೋಲ್‌ಗೆ 110 ಸಾಲ್ತಿರಲಿಲ್ಲ. ಊರಲ್ಲೇ ಹಳೇ ಗಾಡಿ ಓಡಿಸ್ತಿರೋ ನಿಮ್ಮ ಅಪ್ಪಂದಿರಿಗೂ ಇದನ್ನ ಹೇಳಿ.

ಆಯಿಲ್ ಜಾಸ್ತಿ ಹಾಕಿಬಿಟ್ರೆ ಸೇಫ್ ಅಲ್ವಾ ಅಂತ ಕೇಳೋರಿದ್ದಾರೆ. ನಾನು ಲೀಟರ್‌ಗೆ 40 ಎಂಎಲ್ ಹಾಕ್ತೀನಿ. ಅದನ್ನ 80 ಮಾಡಿದ್ರೆ, ಜೆಟ್‌ನಿಂದ ಬರೋದರಲ್ಲಿ ಪೆಟ್ರೋಲ್ ಪಾಲು ಸುಮಾರು 4% ಕಡಿಮೆ ಆಗುತ್ತೆ, ಗಾಡಿ ಇನ್ನೂ ಲೀನ್. ಮೈಸೂರಿಂದ ಚೆನ್ನೈಗೆ ಇಳಿದಿದ್ದಕ್ಕಿಂತ ಅದೇ ಜಾಸ್ತಿ.

ಇನ್ನು ಜೆಟ್ ಬದಲಾಯಿಸೋ ಮುಂಚಿನ ಕೆಲಸ. ಇದನ್ನ ಬಿಟ್ರೆ ಮೇಲಿನ ಲೆಕ್ಕ ಎಲ್ಲ ದಂಡ. ಮೊದಲು ಗಾಳಿ ಎಲ್ಲಾದ್ರೂ ಕಳ್ಳದಾರಿಯಲ್ಲಿ ಒಳಗೆ ಬರ್ತಿದೆಯಾ ನೋಡಿ. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ಪ್ಯಾಕಿಂಗ್, ಬಗ್ಗಿದ ಫ್ಲಾಂಜ್, ಎಲ್ಲಕ್ಕಿಂತ ಮುಖ್ಯವಾಗಿ ಕ್ರ್ಯಾಂಕ್‌ನ ಎರಡೂ ಕಡೆಯ ಆಯಿಲ್ ಸೀಲ್. ಎಂಜಿನ್ ಐಡಲ್‌ನಲ್ಲಿ ಇದ್ದಾಗ ಆ ಜಾಯಿಂಟ್‌ಗಳ ಮೇಲೆ ಸ್ವಲ್ಪ ಕಾರ್ಬೊರೇಟರ್ ಕ್ಲೀನರ್ ಚಿಮುಕಿಸಿ. ಎಂಜಿನ್ ಸದ್ದು ಬದಲಾದ್ರೆ ಅಲ್ಲಿ ಗಾಳಿ ಹೋಗ್ತಿದೆ. ಬಿಸಿ ಸೈಲೆನ್ಸರ್ ಮೇಲೆ ಚಿಮುಕಿಸ್ಬೇಡಿ, ಬೆಂಕಿ ಹತ್ತುತ್ತೆ. ನನ್ನ ಗಾಡಿಯಲ್ಲಿ ಮ್ಯಾಗ್ನೆಟ್ ಕಡೆಯ ಸೀಲ್ ಕಲ್ಲಾಗಿತ್ತು, ಬೆರಳಲ್ಲಿ ಒತ್ತಿದ್ರೆ ಬಾಗ್ತಾನೇ ಇರಲಿಲ್ಲ. ಹಳೇ ಗಾಡಿ ವರ್ಷಗಟ್ಟಲೆ ನಿಂತಿದ್ರೆ ಸೀಲ್ ಪರೀಕ್ಷೆ ಮಾಡ್ತಾ ಕೂರ್ಬೇಡಿ, ಬದಲಾಯಿಸಿಬಿಡಿ.

ಆಮೇಲೆ ಫ್ಲೋಟ್. ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ತಪ್ಪಿದ್ರೆ ಎಲ್ಲಾ ಜೆಟ್‌ಗಳ ಲೆಕ್ಕವೂ ತಪ್ಪುತ್ತೆ. ಎಥನಾಲ್‌ಗೆ ಹಳೇ ರಬ್ಬರ್ ಓ-ರಿಂಗ್‌ಗಳು ಊದಿಕೊಳ್ತವೆ, ವೈಟಾನ್ ರಿಂಗ್ ಕೇಳಿ ತಗೊಳ್ಳಿ.

ಮೂರನೇದು, ಜೆಟ್‌ನ ಸಾಚಾತನ. ಪುದುಪೇಟೆಯಲ್ಲಿ, ಜಿಪಿ ರೋಡ್‌ನಲ್ಲಿ ಸುತ್ತಿದ್ರೆ ಎಂಥ ನಂಬರ್ ಕೇಳಿದ್ರೂ ಸಿಗುತ್ತೆ. ನಂಬರ್ ಕೊರೆದಿದ್ದ ಮಾತ್ರಕ್ಕೆ ಅಷ್ಟೇ ಹರಿಯುತ್ತೆ ಅಂತಲ್ಲ. ಹಳೇ ಜೆಟ್ ಆದ್ರೆ ಇನ್ನೊಂದು ಕಷ್ಟ: ಯಾರೋ ತಂತಿ ಹಾಕಿ ಉಜ್ಜಿ ತೂತು ದೊಡ್ಡದಾಗಿರಬಹುದು. ಜೆಟ್‌ಗೆ ತಂತಿ, ಪಿನ್ನು ಹಾಕಲೇಬಾರದು, ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೀಬೇಕು.

ಇದನ್ನ ಪರೀಕ್ಷೆ ಮಾಡೋಕೆ ನಾನು ಬಾಲ್ಕನಿಯಲ್ಲಿ ಒಂದು ವ್ಯವಸ್ಥೆ ಮಾಡಿಕೊಂಡೆ. ಒಂದು ಲೀಟರ್ ನೀರಿನ ಬಾಟಲಿ ತಳ ಕತ್ತರಿಸಿ ತಲೆಕೆಳಗೆ ಕಟ್ಟೋದು, ಮುಚ್ಚಳದಲ್ಲಿ ತೂತು ಮಾಡಿ ಜೆಟ್ ತಿರುಗಿಸೋದು, ಎರಡು ಗೆರೆ ಹಾಕಿ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ನೀರು ಇಳಿಯೋಕೆ ಎಷ್ಟು ಸೆಕೆಂಡ್ ಅಂತ ಮೊಬೈಲ್‌ನಲ್ಲಿ ನೋಡೋದು. ಪೆಟ್ರೋಲ್ ಬೇಡ, ನೀರೇ ಸಾಕು. ನಮಗೆ ಬೇಕಿರೋದು ಒಂದಕ್ಕೊಂದು ಹೋಲಿಕೆ ಮಾತ್ರ. ಒಂದು ಅಸಲಿ ಜೆಟ್ ಅಳತೆಗೋಲಾಗಿ ಇಟ್ಕೊಳ್ಳಿ. ನಾನು ತಂದಿದ್ದರಲ್ಲಿ 115 ಅಂತ ಬರೆದಿದ್ದ ಒಂದು, ಅಸಲಿ 110ಕ್ಕಿಂತ ನಿಧಾನ. ಅದನ್ನ ಹಾಕಿ "ಜೆಟ್ ದೊಡ್ಡದು ಮಾಡಿದ್ದೀನಿ" ಅಂತ ನಿಶ್ಚಿಂತೆಯಿಂದ ಓಡಿಸಿದ್ರೆ ಏನಾಗ್ತಿತ್ತು ಯೋಚನೆ ಮಾಡಿ. ಹೆಂಡತಿ ಈ ಬಾಟಲಿಗಳನ್ನ ನೋಡಿ ಏನಂದಳು ಅನ್ನೋದು ವಿಡಿಯೋದಲ್ಲಿದೆ, ಇಲ್ಲಿ ಬರೆಯಲ್ಲ.

ಈಗ ಓಡಿಸಿ ನೋಡೋ ಕೆಲಸ. ಕಾರ್ಬೊರೇಟರ್‌ನಲ್ಲಿ ಒಂದೇ ಜೆಟ್ ಎಲ್ಲ ಹೊತ್ತೂ ಕೆಲಸ ಮಾಡಲ್ಲ. ಆ್ಯಕ್ಸಲರೇಟರ್ ಎಷ್ಟು ತೆರೆದಿದೆ ಅನ್ನೋದರ ಮೇಲೆ ಪಾಳಿ ಬದಲಾಗುತ್ತೆ. ಮುಚ್ಚಿದ್ದಾಗಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡ್‌ನ ಕೆತ್ತಿದ ಅಂಚು, ಕಾಲಿಂದ ಮುಕ್ಕಾಲಿನವರೆಗೆ ನೀಡಲ್, ಮುಕ್ಕಾಲಿಂದ ಪೂರ್ತಿಗೆ ಮೇನ್ ಜೆಟ್. ಹಿಡಿಯ ಮೇಲೆ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿ. ಟ್ರಾಫಿಕ್‌ನಲ್ಲಿ ನಾವು ಅರ್ಧ ಮುಟ್ಟೋದೇ ಅಪರೂಪ ಅನ್ನೋದು ಆಗ ಗೊತ್ತಾಗುತ್ತೆ. ಮೈಲೇಜ್‌ಗೆ ಅಂತ ಮೇನ್ ಜೆಟ್ ಚಿಕ್ಕದು ಮಾಡೋದು ಎಷ್ಟು ದಡ್ಡತನ ಅಂತ ಇಲ್ಲೇ ಅರ್ಥ ಆಗ್ಬೇಕು. ವೇಳಚೇರಿಯಿಂದ ಸಿರುಸೇರಿಗೆ ಹೋಗೋ ಗಾಡಿಯ ಪೆಟ್ರೋಲ್ ಖರ್ಚನ್ನ ಪೈಲಟ್ ಮತ್ತು ನೀಡಲ್ ನಿರ್ಧರಿಸ್ತವೆ. ಮೇನ್ ಜೆಟ್ ಚಿಕ್ಕದು ಮಾಡಿದ್ರೆ ಉಳಿತಾಯ ಏನೂ ಇಲ್ಲ, ಅಪಾಯ ಮಾತ್ರ ಬರುತ್ತೆ.

ಮೊದಲು ಮೇನ್ ಜೆಟ್, ಯಾಕಂದ್ರೆ ಪಿಸ್ಟನ್ ಕೊಲ್ಲೋದು ಅದೇ. ಲೆಕ್ಕದಲ್ಲಿ ಬಂದಿದ್ದಕ್ಕಿಂತ ದೊಡ್ಡದರಿಂದ ಶುರು ಮಾಡಿ ಇಳೀತಾ ಬರಬೇಕು, ಚಿಕ್ಕದರಿಂದ ಏರೋದು ಬೇಡವೇ ಬೇಡ. ಹೊಸ ಪಿಸ್ಟನ್ ಪಳಗಿದ ಮೇಲೆ ನಾನು 130ರಿಂದ ಶುರು ಮಾಡಿದೆ. ಬೆಳಿಗ್ಗೆ ಐದೂವರೆಗೆ ಇಸಿಆರ್, ಕೋವಳಂ ದಾಟಿದ ಮೇಲೆ, ಹೆಲ್ಮೆಟ್, ಜಾಕೆಟ್, ಕ್ಲಚ್ ಮೇಲೆ ಎರಡು ಬೆರಳು. ಮೂರನೇ ಗೇರ್‌ನಲ್ಲಿ ಪೂರ್ತಿ ತೆರೆದ್ರೆ ಎಂಜಿನ್ ಗೊರಗೊರ ಅಂತ, ಒಂದು ಬಿಟ್ಟು ಒಂದು ಸಲ ಉರಿಯೋ ಹಾಗೆ ಓಡ್ತು. ಅದು ರಿಚ್‌ನ ಗುರುತು. 127.5ರಲ್ಲಿ ಅದು ಕಡಿಮೆ ಆಯ್ತು. 125ರಲ್ಲಿ ಶುದ್ಧವಾಗಿ ಎಳೀತು. 122.5 ಹಾಕಿದಾಗ ಇನ್ನೂ ಚುರುಕು, ಆದ್ರೆ ಎದುರು ಗಾಳಿಗೆ ಪೂರ್ತಿ ತೆರೆದಾಗ ತಲೆಯಲ್ಲಿ ಸಣ್ಣಗೆ ಟಿಣ್ ಟಿಣ್ ಅನ್ನೋ ಸದ್ದು. ತಕ್ಷಣ ಮುಚ್ಚಿ ವಾಪಸ್ 125. ಕಾಗದದ ಲೆಕ್ಕ 122 ಅಂದಿತ್ತು, ಎಂಜಿನ್ 125 ಕೇಳ್ತು. ಎಂಜಿನ್ ಮಾತೇ ಕೊನೇದು.

ಪ್ರತಿ ಜೆಟ್‌ಗೂ ಪ್ಲಗ್ ನೋಡ್ಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಎಂಜಿನ್ ಆಫ್ ಮಾಡಿ ಉರುಳಿಸಿಕೊಂಡು ನಿಲ್ಲಿಸ್ಬೇಕು. ಐಡಲ್‌ನಲ್ಲಿ ಓಡಿಸ್ಕೊಂಡು ಮನೆಗೆ ಬಂದು ತೆಗೆದು ನೋಡಿದ್ರೆ ಪೈಲಟ್ ಜೆಟ್‌ನ ಕಥೆ ಕಾಣುತ್ತೆ, ಮೇನ್ ಜೆಟ್‌ದಲ್ಲ. ಈಗಿನ ಪೆಟ್ರೋಲ್‌ನಲ್ಲಿ ಪ್ಲಗ್ ತುದಿ ಬೇಗ ಕಾಫಿ ಬಣ್ಣಕ್ಕೆ ಬರಲ್ಲ. ಹೊಸ ಪ್ಲಗ್ ಹಾಕಿ, ಪಿಂಗಾಣಿಯ ಬುಡದಲ್ಲಿ, ಆಳದಲ್ಲಿ ಕಾಣೋ ಕಂದು ಉಂಗುರವನ್ನ ಟಾರ್ಚ್ ಬಿಟ್ಟು ನೋಡಿ. ಉಂಗುರವೇ ಇಲ್ಲ, ಬೆಳ್ಳಗಿದೆ ಅಂದ್ರೆ ಆ ಜೆಟ್‌ನಲ್ಲಿ ಇನ್ನೊಂದು ಕಿಲೋಮೀಟರ್ ಕೂಡ ಓಡಿಸ್ಬೇಡಿ.

ನೀಡಲ್ ಸುಲಭ. ಅರ್ಧ ಥ್ರಾಟಲ್‌ನಲ್ಲಿ ಓಡ್ತಿರುವಾಗ ಚೋಕ್ ಸ್ವಲ್ಪ ಎಳೀರಿ. ಗಾಡಿ ಚುರುಕಾದ್ರೆ ಲೀನ್, ಇನ್ನೂ ಮಂಕಾದ್ರೆ ಸರಿ ಇದೆ ಅಥವಾ ರಿಚ್. ಲೀನ್ ಇದ್ರೆ ನೀಡಲ್ ಕ್ಲಿಪ್ ಒಂದು ಕಚ್ಚು ಕೆಳಗೆ ಹಾಕಿ, ನೀಡಲ್ ಮೇಲೇಳುತ್ತೆ. ಇ20 ಎಲ್ಲಾ ಹಂತಕ್ಕೂ ಪೆಟ್ರೋಲ್ ಜಾಸ್ತಿ ಕೇಳುತ್ತೆ. ನನಗೆ ಒಂದು ಕಚ್ಚು ಸಾಕಾಯ್ತು.

ಪೈಲಟ್‌ಗೆ ಏರ್ ಸ್ಕ್ರೂನೇ ಉತ್ತರ ಹೇಳುತ್ತೆ. ಬಿಸಿ ಎಂಜಿನ್, ಸ್ಕ್ರೂವನ್ನ ಮೆತ್ತಗೆ ಪೂರ್ತಿ ಒಳಗೆ ತಿರುಗಿಸಿ, ಆಮೇಲೆ ಹೊರಗೆ ಬಿಡ್ತಾ ಐಡಲ್ ಎಲ್ಲಿ ಅತಿ ಚೆನ್ನಾಗಿದೆ ನೋಡಿ. ಒಂದು ಸುತ್ತಿಗಿಂತ ಕಡಿಮೆಯಲ್ಲೇ ಸಿಕ್ಕಿದ್ರೆ ಪೈಲಟ್ ಜೆಟ್ ಚಿಕ್ಕದಾಯ್ತು. ಎರಡೂವರೆ ದಾಟಿದ್ರೆ ದೊಡ್ಡದಾಯ್ತು. ನನ್ನದು 25ರಲ್ಲಿ ಅರ್ಧ ಸುತ್ತಿಗೇ ಸಿಕ್ತು, 27.5 ಹಾಕಿದ ಮೇಲೆ ಒಂದೂವರೆ ಸುತ್ತಿಗೆ ಬಂತು. ಒಂದು ಎಚ್ಚರಿಕೆ: ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ರೆ ಅದು ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದ್ರೆ ರಿಚ್. ಎಂಜಿನ್ ಕಡೆ ಇದ್ರೆ ಸಾಮಾನ್ಯವಾಗಿ ಪೆಟ್ರೋಲ್ ಸ್ಕ್ರೂ, ಒಳಗೆ ತಿರುಗಿಸಿದ್ರೆ ಲೀನ್. ಆರ್‌ಡಿ 350 ಇಟ್ಟುಕೊಂಡಿರೋರು ಎರಡೂ ಕಾರ್ಬೊರೇಟರ್‌ಗೆ ಒಂದೇ ಜೆಟ್ ಹಾಕಿ, ಎರಡೂ ಸ್ಲೈಡ್ ಒಟ್ಟಿಗೆ ಏಳೋ ಹಾಗೆ ಕೇಬಲ್ ಹೊಂದಿಸಿದ ಮೇಲೇ ಇದನ್ನೆಲ್ಲ ಶುರು ಮಾಡಿ. ಪ್ಲಗ್ ಮಾತ್ರ ಎರಡೂ ಕಡೆಯದನ್ನ ನೋಡ್ಬೇಕು.

ಋತುವಿನ ವಿಷಯ. ಚೆನ್ನೈ ಮೇ ತಿಂಗಳೇ ಅಪಾಯ ಅಂತ ಎಲ್ಲರೂ ಅಂದುಕೊಳ್ತಾರೆ. ಮಿಕ್ಸ್ಚರ್ ಮಟ್ಟಿಗೆ ಉಲ್ಟಾ. ಬಿಸಿ ಗಾಳಿ ತೆಳು, ಗಾಡಿ ಸ್ವಲ್ಪ ರಿಚ್ ಆಗುತ್ತೆ. ಅತಿ ಲೀನ್ ಆಗೋದು ಜನವರಿಯ ತಣ್ಣನೆ ಬೆಳಿಗ್ಗೆ. ಮೇ ಮಧ್ಯಾಹ್ನ ಸೆಟ್ ಮಾಡಿದ ಗಾಡಿಯನ್ನ ಆಗ ಇನ್ನೊಮ್ಮೆ ನೋಡ್ಲೇಬೇಕು. ಮೈಸೂರಿಗೆ ಓಡಿಸ್ಕೊಂಡು ಹೋದ್ರೆ ಬದಲಾಯಿಸೋ ಅಗತ್ಯ ಇಲ್ಲ, ಬರೀ 3% ರಿಚ್. ಅಲ್ಲಿಂದ ಬಂಡೀಪುರದ ಮೇಲೆ ಊಟಿಗೆ ಹತ್ತಿದ್ರೆ, ಸುಮಾರು 2,240 ಮೀಟರ್, ಚೆನ್ನೈ ಸೆಟ್ಟಿಂಗ್ ಹತ್ತಿರ ಹತ್ತಿರ 10% ರಿಚ್ ಆಗಿ ಗಾಡಿ ಕೆಮ್ಮುತ್ತೆ. ಕೆಮ್ಮಲಿ, ಏನೂ ಆಗಲ್ಲ. ಊಟಿಯಲ್ಲಿ ಚಿಕ್ಕ ಜೆಟ್ ಹಾಕಿಸ್ಕೊಂಡು ಅದನ್ನ ಮರೆತು ಕೆಳಗೆ ಇಳಿಯೋದೇ ಅಪಾಯ. ಎರಡು ವಾರ ಓಡಿಸಲ್ಲ ಅಂದ್ರೆ ಬೌಲ್ ಖಾಲಿ ಮಾಡಿಡಿ. ಎಥನಾಲ್ ಈ ಊರಿನ ತೇವ ಹೀರಿಕೊಳ್ಳುತ್ತೆ, ನೀರು ಹೆಚ್ಚಾದ್ರೆ ಬೇರ್ಪಟ್ಟು ತಳಕ್ಕೆ ಕೂರುತ್ತೆ. ಆಗ ಎಂಜಿನ್‌ಗೆ ಮೊದಲು ಹೋಗೋದು ಆಯಿಲ್ ಇಲ್ಲದ ಆ ನೀರೇ.

ಈಗಿನ ಸೆಟ್ಟಿಂಗ್ ಟೂಲ್ ಬಾಕ್ಸ್ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೀನಿ: ಮೇನ್ 125, ಪೈಲಟ್ 27.5, ಸ್ಕ್ರೂ ಒಂದೂವರೆ, ಕ್ಲಿಪ್ ಒಂದು ಕಚ್ಚು ಕೆಳಗೆ, ಇ20, ಚೆನ್ನೈ. ಮುಂದೆ ಯಾವ ಅಂಗಡಿಯಲ್ಲಿ ಬಿಚ್ಚಿದ್ರೂ ಅವರ ಕಣ್ಣಿಗೆ ಬೀಳಲಿ ಅಂತ.

ಪೊಂಗಲ್ ರಜೆಗೆ ಅಪ್ಪ ಬಂದಿದ್ರು. ಸೀಜ್ ಆಗಿದ್ದನ್ನ ಅವರಿಗೆ ಅಲ್ಲೀವರೆಗೆ ಹೇಳಿರಲಿಲ್ಲ. ಹೇಳಿದೆ. ಅವರು ಪಿಸ್ಟನ್ ತೋರಿಸು ಅಂದ್ರು, ಗೀರಿನ ಮೇಲೆ ಉಗುರು ಎಳೆದು ನೋಡಿದ್ರು, ಏನೂ ಅನ್ನಲಿಲ್ಲ. ಕೆಳಗೆ ಪಾರ್ಕಿಂಗ್‌ಗೆ ಹೋಗಿ ಎರಡನೇ ಕಿಕ್‌ಗೆ ಸ್ಟಾರ್ಟ್ ಮಾಡಿ, ಒಂದು ನಿಮಿಷ ತಲೆ ವಾಲಿಸಿಕೊಂಡು ಕೇಳಿಸಿಕೊಂಡ್ರು. "ಐಡಲ್ ಸ್ವಲ್ಪ ಜಾಸ್ತಿ ಇಟ್ಟಿದ್ದೀಯ ಕಣೋ" ಅಂದ್ರು. ಕಾಲು ಸುತ್ತು ಇಳಿಸಿದೆ.